ಹವ್ಯಾಸಿ ಫಾರ್ಮುಲಾ ರೇಸಿಂಗ್: ಸಸ್ಪೆನ್ಷನ್ ನಿಯಮ ಮತ್ತು ಜೇಬಿನ ಲೆಕ್ಕ

1963ರಲ್ಲಿ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ ಫಾರ್ಮುಲಾ ವೀ ಎಂಬ ಒಂಟಿ ಆಸನದ ರೇಸ್ ಕಾರುಗಳ ವರ್ಗವನ್ನು ಒಪ್ಪಿಕೊಂಡಾಗ, ಖರ್ಚಿಗೆ ಕಡಿವಾಣ ಹಾಕುವ ಉಪಾಯ ಸರಳವಾಗಿತ್ತು. ಫೋಕ್ಸ್‌ವ್ಯಾಗನ್ ಬೀಟಲ್‌ನ ಎಂಜಿನ್, ಗೇರ್‌ಬಾಕ್ಸ್, ಮುಂದಿನ ಬೀಮ್ (ಮುಂದಿನ ಚಕ್ರಗಳನ್ನು ಹೊರುವ ಅಡ್ಡತೊಲೆ), ಹಿಂದಿನ ಸ್ವಿಂಗ್ ಆ್ಯಕ್ಸಲ್ (ಹಿಂದಿನ ಚಕ್ರಗಳನ್ನು ತಿರುಗಿಸುವ, ಮೇಲೆ ಕೆಳಗೆ ತೂಗುವ ದಂಡಗಳು) ಇಷ್ಟನ್ನು ತೆಗೆದುಕೊಂಡು ಉಕ್ಕಿನ ಕೊಳವೆಗಳ ಚೌಕಟ್ಟಿಗೆ ಕೂರಿಸಬೇಕು. ಗುಜರಿಯಲ್ಲೂ ಸಿಗುವ ಬಿಡಿಭಾಗಗಳಾದ್ದರಿಂದ ದುಡ್ಡು ಸುರಿದು ಮುಂದೆ ಹೋಗುವ ದಾರಿ ಮುಚ್ಚಿತು ಎಂಬ ಎಣಿಕೆ.

ಸಸ್ಪೆನ್ಷನ್, ಅಂದರೆ ಚಕ್ರವನ್ನು ಚೌಕಟ್ಟಿಗೆ ಜೋಡಿಸಿ ಉಬ್ಬುತಗ್ಗನ್ನು ತಾಳುವ ಏರ್ಪಾಟಿನ ಮಟ್ಟಿಗೆ ತೊಂದರೆ ಇದ್ದದ್ದು ಸ್ವಿಂಗ್ ಆ್ಯಕ್ಸಲ್‌ನಲ್ಲೇ. ಅದರ ಕೀಲು ಗೇರ್‌ಬಾಕ್ಸ್ ಪಕ್ಕದಲ್ಲಿ ಮಾತ್ರ ಇರುತ್ತದೆ, ಚಕ್ರದ ಬಳಿ ಇಲ್ಲ. ತಿರುವಿನಲ್ಲಿ ಹೊರಬದಿಯ ಟೈರ್ ಮೇಲೆ ಬೀಳುವ ಅಡ್ಡಬಲ ಆ ಕೀಲಿನ ಮೂಲಕ ಕಾರಿನ ಹಿಂಭಾಗವನ್ನು ಮೇಲಕ್ಕೆ ಎತ್ತುತ್ತದೆ. ಹಿಂಭಾಗ ಎದ್ದಷ್ಟೂ ಚಕ್ರದ ಕೆಳಭಾಗ ಒಳಮುಖವಾಗಿ ಮಡಚಿಕೊಳ್ಳುತ್ತದೆ, ಟೈರ್ ಅಂಚಿನ ಮೇಲೆ ನಿಲ್ಲುತ್ತದೆ, ಹಿಡಿತ ಒಮ್ಮೆಗೇ ಹೋಗುತ್ತದೆ. ಚಕ್ರ ಕೆಳಕ್ಕೆ ಇಳಿಯುವ ಮಿತಿಗೆ ಪಟ್ಟಿ ಅಥವಾ ಕೇಬಲ್ ಕಟ್ಟುವುದು, ನಿಂತಾಗಲೇ ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೆ ಓರೆಯಾಗಿರುವುದು) ಕೊಡುವುದು ಆರಂಭದ ಮದ್ದುಗಳು. ಅವು ಅಪಾಯವನ್ನು ತಗ್ಗಿಸಿದವು, ಇಲ್ಲವಾಗಿಸಲಿಲ್ಲ.

ನಿಜವಾದ ಪರಿಹಾರ ನಿಯಮ ಖಾಲಿ ಬಿಟ್ಟ ಜಾಗದಿಂದ ಬಂತು. ಆ್ಯಕ್ಸಲ್ ಬೀಟಲ್‌ನದೇ ಇರಬೇಕಿತ್ತು, ಆದರೆ ಹಿಂದಿನ ಸ್ಪ್ರಿಂಗ್ ಹೇಗಿರಬೇಕೆಂಬ ಕಟ್ಟುಪಾಡು ಸಡಿಲವಾಗಿತ್ತು. ಎರಡೂ ಆ್ಯಕ್ಸಲ್‌ಗಳನ್ನು ಕಡ್ಡಿಗಳ ಮೂಲಕ ಒಂದೇ ಸ್ಪ್ರಿಂಗ್ ಮತ್ತು ಒಂದೇ ಡ್ಯಾಂಪರ್‌ಗೆ (ಸ್ಪ್ರಿಂಗ್‌ನ ಕುಣಿತವನ್ನು ಅಡಗಿಸುವ ಎಣ್ಣೆಯ ಕೊಳವೆ) ಜೋಡಿಸಿದರು. ಎರಡೂ ಚಕ್ರ ಒಟ್ಟಿಗೆ ಏರಿದರೆ ಸ್ಪ್ರಿಂಗ್ ಒತ್ತಿಕೊಳ್ಳುತ್ತದೆ. ಒಂದು ಏರಿ ಇನ್ನೊಂದು ಇಳಿದರೆ ಸ್ಪ್ರಿಂಗ್‌ಗೆ ಗೊತ್ತೇ ಆಗುವುದಿಲ್ಲ. ‘ಝೀರೋ ರೋಲ್’ ಎಂದು ಕರೆಯುವ ಈ ಏರ್ಪಾಟಿನಲ್ಲಿ ಕಾರು ವಾಲುವುದನ್ನು ತಡೆಯುವ ಕೆಲಸವೆಲ್ಲ ಮುಂಭಾಗದ್ದು, ಮುಖ್ಯವಾಗಿ ಅಲ್ಲಿನ ಆಂಟಿ-ರೋಲ್ ಬಾರ್‌ನದು (ಎರಡೂ ಬದಿಯ ಚಕ್ರಗಳನ್ನು ಬೆಸೆದು ವಾಲುವಿಕೆ ತಡೆಯುವ ಕಂಬಿ). ಹಾಗಾಗಿ ಹಿಂದಿನ ಹೊರಬದಿಯ ಟೈರ್ ಮೇಲೆ ಅಡ್ಡಬಲ ಅತಿಯಾಗಿ ಸೇರುವುದಿಲ್ಲ, ಹಿಂಭಾಗ ಮೇಲೇಳುವುದೂ ಕಡಿಮೆ. ಅದನ್ನು ಗಡುಸಾಗಿಡುವುದರಿಂದ ಇನ್ನೊಂದು ಲಾಭವೂ ಇದೆ: ಬೀಟಲ್‌ನ ಮುಂದಿನ ಚಕ್ರಗಳು ಕಾರಿನ ಜೊತೆಗೇ ವಾಲುತ್ತವೆ, ಹಾಗಾಗಿ ವಾಲುವಿಕೆ ಕಡಿಮೆಯಾದಷ್ಟೂ ಟೈರ್‌ಗೆ ಒಳ್ಳೆಯದು. ತಿರುವಿನಲ್ಲಿ ಒಳಬದಿಯ ಮುಂದಿನ ಚಕ್ರ ಗಾಳಿಗೆ ಎದ್ದರೂ ಹಿಂದಿನ ಎರಡೂ ಚಕ್ರ ನೆಲ ಕಚ್ಚಿರುತ್ತವೆ, ಓಪನ್ ಡಿಫರೆನ್ಷಿಯಲ್ (ಒಂದು ಚಕ್ರ ಎದ್ದರೆ ಅದನ್ನೇ ಸುಮ್ಮನೆ ತಿರುಗಿಸಿಬಿಡುವ ಗೇರ್ ಜೋಡಣೆ) ಇದ್ದರೂ ಶಕ್ತಿ ಪೋಲಾಗುವುದಿಲ್ಲ. ಎರಡರ ಬದಲು ಒಂದೇ ಡ್ಯಾಂಪರ್, ಮೇಲಾಗಿ ಸುರಕ್ಷತೆ. ನಿಯಮದ ಸಂದು ಖರ್ಚನ್ನು ಇಳಿಸಿದ ಇಂಥ ಉದಾಹರಣೆ ಅಪರೂಪ.

ಫಾರ್ಮುಲಾ ಫೋರ್ಡ್‌ನ, ಅಂದರೆ ಫೋರ್ಡ್ ಎಂಜಿನ್‌ನ ಇನ್ನೊಂದು ವರ್ಗದ, ಕಥೆ ತಿರುಗಿದ್ದು ಬೇರೆ ಕಡೆಗೆ. 1967ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದಾಗ ಇಡೀ ಕಾರು 1,000 ಪೌಂಡ್‌ನೊಳಗೆ ಸಿಗಬೇಕೆಂಬ ಆಶಯವಿತ್ತು. ರೆಕ್ಕೆಗಳಿಗೆ ನಿಷೇಧ, ಸಸ್ಪೆನ್ಷನ್ ವಿನ್ಯಾಸಕ್ಕೆ ಸಾಕಷ್ಟು ಸ್ವಾತಂತ್ರ್ಯ. ರೆಕ್ಕೆ ಇಲ್ಲದ, ಎಂಜಿನ್ ಸಮಾನವಾದ ವರ್ಗದಲ್ಲಿ ನೇರ ರಸ್ತೆಯ ವೇಗಕ್ಕೆ ಗಾಳಿಯ ತಡೆಯೇ ಲೆಕ್ಕ. ಹೊರಗೆ ನೇತಾಡುತ್ತಿದ್ದ ಮುಂದಿನ ಸ್ಪ್ರಿಂಗ್ ಮತ್ತು ಡ್ಯಾಂಪರ್‌ಗಳು ರಾಕರ್‌ಗಳ (ಕೀಲಿನ ಮೇಲೆ ಆಡುವ ಸನ್ನೆಗಳು) ಸಹಾಯದಿಂದ ಕಾರಿನ ಮೈಯೊಳಕ್ಕೆ ಸೇರಿದ್ದಕ್ಕೆ ಮುಖ್ಯ ಕಾರಣ ಇದೇ. ಹಾಗೆ ಸೇರಿದ ಮೇಲೆ ಬೇರಿಂಗ್, ಪುಷ್‌ರಾಡ್ (ಚಕ್ರದ ಚಲನೆಯನ್ನು ರಾಕರ್‌ಗೆ ಮುಟ್ಟಿಸುವ ಕಡ್ಡಿ), ಬ್ರಾಕೆಟ್ ಎಲ್ಲವೂ ಖರ್ಚಿನ ಬಾಬ್ತಾದವು, ಹಳೆಯ ಕಾರುಗಳು ಹಿಂದೆ ಬಿದ್ದವು.

ಅತ್ಯಂತ ಕಠಿಣ ಪ್ರಯೋಗ ನಡೆದದ್ದು 1980ರ ದಶಕದಲ್ಲಿ, ಅಮೆರಿಕದ ಫಾರ್ಮುಲಾ 440 ವರ್ಗದಲ್ಲಿ. ಹಿಮವಾಹನದ 440 ಸಿಸಿ ಟೂ-ಸ್ಟ್ರೋಕ್ ಎಂಜಿನ್, ಬೆಲ್ಟ್ ಡ್ರೈವ್. ಕಾಯಿಲ್ ಸ್ಪ್ರಿಂಗ್ ಇಲ್ಲ, ಹೈಡ್ರಾಲಿಕ್ ಡ್ಯಾಂಪರ್ ಇಲ್ಲ, ರಬ್ಬರ್ ಬಿಲ್ಲೆಗಳೇ ಸಸ್ಪೆನ್ಷನ್. ಈ ವರ್ಗವೇ ಮುಂದೆ ಫಾರ್ಮುಲಾ 500 ಆಯಿತು. ಬಿಲ್ಲೆ ಅಗ್ಗ ಎಂಬುದು ನಿಜ. ಆದರೆ ರಬ್ಬರ್ ತನ್ನೊಳಗಿನ ಘರ್ಷಣೆಯಿಂದಲೇ ಕಂಪನವನ್ನು ನುಂಗಬೇಕು. ಬಿಸಿಯಾದಂತೆ ಅದರ ಗಡಸುತನ ಬದಲಾಗುತ್ತದೆ, ಬಹಳ ಹೊತ್ತು ಒತ್ತಡದಲ್ಲಿದ್ದರೆ ಚಪ್ಪಟೆಯಾಗಿ ಹಾಗೇ ಉಳಿಯುತ್ತದೆ, ಕಾರಿನ ಎತ್ತರ ಇಳಿದು ನಾಲ್ಕು ಚಕ್ರಗಳ ತೂಕದ ಹಂಚಿಕೆಯೂ ತಪ್ಪುತ್ತದೆ. ಉಬ್ಬುತಗ್ಗಿನ ಟ್ರ್ಯಾಕ್‌ನಲ್ಲಿ ಚಕ್ರ ಪುಟಿಯುತ್ತದೆ, ಪೆಟ್ಟು ನೇರವಾಗಿ ಚೌಕಟ್ಟಿನ ಬೆಸುಗೆಗೆ ತಗಲುತ್ತದೆ. ಹೀಗೆ ಡ್ಯಾಂಪರ್‌ನಲ್ಲಿ ಉಳಿದ ಹಣ ಬೇರೆ ಬೇರೆ ಗಡಸುತನದ ಬಿಲ್ಲೆಗಳ ಸಂಗ್ರಹಕ್ಕೂ ಬಿರುಕು ಬಿಟ್ಟ ಬ್ರಾಕೆಟ್‌ಗಳ ದುರಸ್ತಿಗೂ ಹೋಗುತ್ತದೆ.

ಹಾಗೆಂದು ಡ್ಯಾಂಪರ್‌ಗೆ ಬಾಗಿಲು ತೆರೆದುಬಿಟ್ಟರೆ ಆಯಿತೇ? ದುಬಾರಿಯಾಗುವುದು ಡ್ಯಾಂಪರ್‌ಗಿಂತ ಹೆಚ್ಚಾಗಿ ಅದರ ಹೊಂದಾಣಿಕೆ. ನಾಲ್ಕು ಬಗೆಯ ಅಡ್ಜಸ್ಟರ್ (ಹೊಂದಿಸುವ ತಿರುಪು) ಇರುವ ಡ್ಯಾಂಪರ್ ಕೊಂಡವರು ಕಂಪ್ರೆಷನ್ (ಒತ್ತಿಕೊಳ್ಳುವಿಕೆ) ಮತ್ತು ರಿಬೌಂಡ್ (ಹಿಗ್ಗುವಿಕೆ), ಪ್ರತಿಯೊಂದರಲ್ಲೂ ನಿಧಾನ ಮತ್ತು ವೇಗದ ಚಲನೆ, ಹೀಗೆ ಎಲ್ಲವನ್ನೂ ಡೈನೋ (ಡ್ಯಾಂಪರ್‌ನ ಬಲ ಅಳೆಯುವ ಯಂತ್ರ) ಮೇಲೆ ಅಳೆದು, ಟ್ರ್ಯಾಕ್ ಬಾಡಿಗೆಗೆ ಹಿಡಿದು ಪರೀಕ್ಷಿಸಬೇಕು. ಎಲ್ಲರಿಗೂ ಒಂದೇ ಮಾದರಿಯ ಸೀಲ್ ಮಾಡಿದ ಡ್ಯಾಂಪರ್ ಎಂದರೂ ಹಣವಂತರು ಹತ್ತಾರು ಕೊಂಡು, ಡೈನೋದಲ್ಲಿ ಅಳೆದು, ಚೆನ್ನಾಗಿ ಹೊಂದುವ ನಾಲ್ಕನ್ನು ಆರಿಸಿಕೊಳ್ಳಬಲ್ಲರು. ಸೀಲ್ ಒಡೆಯುವಂತಿಲ್ಲವಾದ್ದರಿಂದ ಗ್ಯಾಸ್ ಸೋರಿದ ಡ್ಯಾಂಪರ್ ದುರಸ್ತಿಗೂ ಬರುವುದಿಲ್ಲ.

ನಮ್ಮ ದೃಷ್ಟಿಯಲ್ಲಿ ಕೆಲಸ ಮಾಡುವ ನಿಯಮದಲ್ಲಿ ಕೆಲವು ಅಂಶ ಇರಲೇಬೇಕು. ಒಂದೇ ಅಡ್ಜಸ್ಟರ್ ಸಾಕು, ಪ್ರತ್ಯೇಕ ರಿಸರ್ವಾಯರ್ (ಎಣ್ಣೆ ಮತ್ತು ಗ್ಯಾಸ್ ತುಂಬುವ ಹೆಚ್ಚುವರಿ ಡಬ್ಬಿ) ಬೇಡ. ಬಿಚ್ಚಿ ಎಣ್ಣೆ ಮತ್ತು ಸೋರಿಕೆ ತಡೆಯುವ ಒಳಗಿನ ಸೀಲ್ ಉಂಗುರ ಬದಲಿಸಲು ಬರಬೇಕು, ಆದರೆ ಒಳಗಿನ ಪಿಸ್ಟನ್ ಮತ್ತು ಶಿಮ್‌ಗಳು (ಎಣ್ಣೆಯ ಹರಿವನ್ನು ಹಿಡಿದಿಡುವ ತೆಳು ಲೋಹದ ವಾಷರ್) ನಿಗದಿಯಾಗಿರಬೇಕು. ನಿಗದಿತ ಬೆಲೆ ಕೊಟ್ಟರೆ ಎದುರಾಳಿಯ ಡ್ಯಾಂಪರನ್ನು ಯಾರು ಬೇಕಾದರೂ ಕೊಳ್ಳಬಹುದೆಂಬ ಕ್ಲೇಮ್ ನಿಯಮ ಸೇರಿಸಿದರೆ ಆರಿಸಿ ಕೂಡಿಟ್ಟದ್ದು ನಷ್ಟದ ಬಾಬ್ತಾಗುತ್ತದೆ. ರಬ್ಬರ್‌ಗೆಂದು ಕಟ್ಟಿದ ಚೌಕಟ್ಟಿನಲ್ಲಿ ಡ್ಯಾಂಪರ್‌ಗೆ ಬೇಕಾದಷ್ಟು ಚಲನೆಗೆ ಜಾಗವೇ ಇರುವುದಿಲ್ಲ, ಹೊಸ ಬ್ರಾಕೆಟ್‌ಗೆ ಕೊಳವೆ ಕತ್ತರಿಸಿ ಬೆಸೆಯಬೇಕಾಗುತ್ತದೆ. ಆದ್ದರಿಂದ ಅಂಥ ವರ್ಗದಲ್ಲಿ ಡ್ಯಾಂಪರನ್ನು ಐಚ್ಛಿಕವಾಗಿಟ್ಟು, ಅದನ್ನು ಹಾಕಿಕೊಂಡ ಕಾರಿಗೆ ಹೆಚ್ಚುವರಿ ಕನಿಷ್ಠ ತೂಕ ಗೊತ್ತುಮಾಡಿ, ಬಿಲ್ಲೆಯ ಕಾರುಗಳೂ ಅದೇ ಸಾಲಿನಲ್ಲಿ ಓಡಲು ಬಿಡುವುದು ಒಳ್ಳೆಯದು.