ಗೊಬ್ಬರದ ಚೀಲದಲ್ಲಿ ಒಂದು ಸಮುದ್ರ

ಪೊಟ್ಯಾಷ್ ಚೀಲ ಬಿಚ್ಚಿದವರಿಗೆ ಗೊತ್ತು. ಒಳಗಿನ ಹರಳು ಒಮ್ಮೊಮ್ಮೆ ಬಿಳಿ, ಒಮ್ಮೊಮ್ಮೆ ಇಟ್ಟಿಗೆ ಪುಡಿಯ ಬಣ್ಣ. ಕೆಂಪಗಿದ್ದರೆ ಕಲಬೆರಕೆ ಇರಬಹುದಾ ಅಂತ ಅನುಮಾನ ಪಡುವವರೂ ಇದ್ದಾರೆ. ಕಲಬೆರಕೆ ಅಲ್ಲ, ಅದು ಕಬ್ಬಿಣದ ತುಕ್ಕಿನ ಬಣ್ಣ. ಉಪ್ಪಿನ ಜೊತೆ ಕೋಟ್ಯಂತರ ವರ್ಷ ಹಿಂದೆಯೇ ಸೇರಿಕೊಂಡಿದ್ದು. ನಮ್ಮ ದೇಶದಲ್ಲಿ ಪೊಟ್ಯಾಷ್ ತೆಗೆಯುವ ಗಣಿ ಇಲ್ಲ. ನಮ್ಮ ಬಾಳೆಗೆ, ತೆಂಗಿಗೆ ಬೀಳುವ ಕೆಂಪು ಹರಳಿನಲ್ಲಿ ಒಂದಷ್ಟು ಬರುವುದು ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದಿಂದ. ಜಗತ್ತಿನ ಪೊಟ್ಯಾಷ್‌ನಲ್ಲಿ ಸುಮಾರು ಮೂರನೇ ಒಂದು ಭಾಗ ಅಲ್ಲಿಯದೇ.

ಈ ಸಸ್ಕಾಚೆವಾನಿಗೆ ಸಮುದ್ರ ತೀರ ಇಲ್ಲ. ಕರ್ನಾಟಕದ ಮೂರು ಪಟ್ಟಿಗಿಂತ ಜಾಸ್ತಿ ಜಾಗ, ಜನ ಮಾತ್ರ ಹನ್ನೆರಡು ಲಕ್ಷದ ಆಸುಪಾಸು. ಉತ್ತರದ ಅರ್ಧ ಕಾಡು, ಬಂಡೆ, ಲೆಕ್ಕವಿಲ್ಲದಷ್ಟು ಕೆರೆ. ದಕ್ಷಿಣದ ಅರ್ಧ ಬಯಲು, ಕಣ್ಣು ಸೋಲುವಷ್ಟು ಬಯಲು. ಅಲ್ಲಿ 1893ರಲ್ಲಿ ಮೈನಸ್ 56 ಡಿಗ್ರಿ ಚಳಿ ದಾಖಲಾಗಿದೆ, 1937ರಲ್ಲಿ 45 ಡಿಗ್ರಿ ಬಿಸಿಲು. ಪೊಟ್ಯಾಷ್ ಅಂದರೆ ಸಮುದ್ರ ಆರಿ ಉಳಿದ ಒಂದು ಬಗೆಯ ಉಪ್ಪು. ಇಂಥ ಜಾಗದಲ್ಲಿ ಸಮುದ್ರದ ಉಪ್ಪು ಎಲ್ಲಿಂದ ಬಂತು?

ಸುಮಾರು 38 ಕೋಟಿ ವರ್ಷಗಳ ಹಿಂದೆ ಈ ನೆಲ ಭೂಮಧ್ಯರೇಖೆಯ ಹತ್ತಿರ ಇತ್ತು. ಮೇಲೆ ಆಳವಿಲ್ಲದ, ಬೆಚ್ಚಗಿನ ಸಮುದ್ರ. ಹವಳದಂಥ ಜೀವಿಗಳು ಕಟ್ಟಿದ ದಿಬ್ಬಗಳು ವಾಯವ್ಯದಲ್ಲಿ ಅಡ್ಡಗಟ್ಟೆಯ ಹಾಗೆ ನಿಂತವು. ಹೊರಗಿನ ನೀರು ಬರುವುದು ಕಡಿಮೆಯಾಯಿತು, ಬಿಸಿಲು ಮಾತ್ರ ಕಡಿಮೆಯಾಗಲಿಲ್ಲ. ಆಮೇಲೆ ನಡೆದದ್ದು ಉಪ್ಪಿನಾಗರದಲ್ಲಿ ನಡೆಯುವುದೇ. ನೀರು ಆರಿದಂತೆ ಮೊದಲು ಸುಣ್ಣ ತಳಕ್ಕೆ ಇಳಿಯುತ್ತದೆ, ನಂತರ ಜಿಪ್ಸಂ, ನಂತರ ನಾವು ತಿನ್ನುವ ಉಪ್ಪು. ಪೊಟ್ಯಾಷ್‌ನ ಮೂಲವಸ್ತುವಾದ ಪೊಟ್ಯಾಸಿಯಂ ಬಹಳ ಹಟಮಾರಿ, ಕೊನೆಯ ಗುಟುಕು ನೀರು ಇರುವವರೆಗೂ ಬಿಟ್ಟು ಕೊಡುವುದಿಲ್ಲ. ಒಂದು ಲೀಟರ್ ಸಮುದ್ರದ ನೀರಿನಲ್ಲಿ 35 ಗ್ರಾಂ ಲವಣ ಇದ್ದರೆ ಅದರಲ್ಲಿ ಪೊಟ್ಯಾಸಿಯಂ ಅರ್ಧ ಗ್ರಾಂ ಕೂಡ ಇರುವುದಿಲ್ಲ. ಹಾಗಿದ್ದೂ ಮೀಟರುಗಟ್ಟಲೆ ದಪ್ಪದ ಪದರ ಆಗಬೇಕಾದರೆ ಎಷ್ಟು ನೀರು ಆರಿರಬೇಕು, ಸುಮ್ನೆ ಯೋಚಿಸಿ.

1940ರ ದಶಕದಲ್ಲಿ ಎಣ್ಣೆ ಹುಡುಕಲು ಕೊರೆದಾಗ ಈ ಪದರ ಸಿಕ್ಕಿತು. ಸಿಕ್ಕಿದ್ದು ಒಂದು ಕಿಲೋಮೀಟರಿಗಿಂತಲೂ ಆಳದಲ್ಲಿ. ತೆಗೆಯುವುದು ಹೇಗೆ? ನಡುವೆ ಬ್ಲೇರ್‌ಮೋರ್ ಅನ್ನುವ ಪದರವಿದೆ. ಅದು ನೀರು ತುಂಬಿದ ಮರಳು, ಭಾರಿ ಒತ್ತಡದಲ್ಲಿ ಕೂತಿದೆ. ಶಾಫ್ಟ್, ಅಂದರೆ ಗಣಿಗೆ ಇಳಿಯುವ ಬಾವಿ, ತೋಡಿದರೆ ಮರಳು ನೀರು ಎರಡೂ ಒಳಕ್ಕೆ ನುಗ್ಗುತ್ತವೆ. ಉಪ್ಪಿನ ಗಣಿಗೆ ನೀರು ಬಿದ್ದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ, ಗೋಡೆಯೇ ಕರಗುತ್ತದೆ. ಸಸ್ಕಟೂನ್ ನಗರದ ಬಳಿ 1958ರಲ್ಲಿ ಶುರುವಾದ ಮೊದಲ ಗಣಿ ನೀರಿನ ಕಾಟಕ್ಕೆ ಮರುವರ್ಷವೇ ನಿಂತಿತು.

ಎಸ್ಟರ್‌ಹೇಜಿ ಎಂಬ ಊರಲ್ಲಿ ಇಂಜಿನಿಯರುಗಳು ನೆಲವನ್ನೇ ಹೆಪ್ಪುಗಟ್ಟಿಸಿದರು. ಶಾಫ್ಟ್ ಬರಬೇಕಾದ ಜಾಗದ ಸುತ್ತ ಬಳೆಯ ಹಾಗೆ ರಂಧ್ರ ಕೊರೆದು, ಕೊಳವೆ ಇಳಿಸಿ, ಮೈ ಕೊರೆಯುವಷ್ಟು ತಣ್ಣಗಿನ ಉಪ್ಪುನೀರು ಹರಿಸಿದರು. ತಿಂಗಳುಗಟ್ಟಲೆ ಹರಿಸಿದ ಮೇಲೆ ಒದ್ದೆ ಮರಳು ಕಲ್ಲಾಯಿತು. ಆ ಮಂಜುಗಡ್ಡೆಯ ಮಧ್ಯೆ ತೋಡಿ, ಎರಕದ ಕಬ್ಬಿಣದ ಉಂಗುರಗಳನ್ನು ಒಂದರ ಮೇಲೊಂದು ಕೂರಿಸಿದರು. 1962ರಲ್ಲಿ ಪೊಟ್ಯಾಷ್ ಮೇಲೆ ಬಂತು. ಬೇರೆ ಕಡೆ ಇನ್ನೊಂದು ಉಪಾಯವೂ ಇದೆ. ಬೆಲ್ ಪ್ಲೇನ್ ಎಂಬಲ್ಲಿ ಯಾರೂ ಕೆಳಗೆ ಇಳಿಯುವುದೇ ಇಲ್ಲ. ಬಿಸಿನೀರು ಬಿಟ್ಟು ಉಪ್ಪನ್ನು ಕರಗಿಸಿ ಮೇಲಕ್ಕೆ ಎಳೆದುಕೊಳ್ಳುತ್ತಾರೆ.

2006ರ ಜನವರಿಯಲ್ಲಿ ಎಸ್ಟರ್‌ಹೇಜಿಯ ಒಂದು ಗಣಿಗೆ ಬೆಂಕಿ ಬಿತ್ತು. 72 ಮಂದಿ ಕೆಳಗಿದ್ದರು. ಗಣಿಯೊಳಗೆ ಅಲ್ಲಲ್ಲಿ ಆಮ್ಲಜನಕ, ಊಟ, ನೀರು ಇಟ್ಟ ಕೋಣೆಗಳಿದ್ದವು. ಅವುಗಳಲ್ಲಿ ಸೇರಿಕೊಂಡು ಬಾಗಿಲು ಮುಚ್ಚಿ, ಸಂದು ಬಿಗಿದು ಕೂತರು. ಸುಮಾರು ಒಂದು ದಿನದ ನಂತರ 72 ಜನರೂ ಮೇಲೆ ಬಂದರು. ಗಣಿ ಅಂದಕೂಡಲೆ ಕೆಟ್ಟ ಸುದ್ದಿಯೇ ನೆನಪಾಗುವ ನಮಗೆ ಇದನ್ನು ಎರಡು ಸಲ ಓದಬೇಕು ಅನಿಸುತ್ತದೆ.

ಆದರೆ ಈ ಬಯಲಿನಿಂದ ಹೊರಗೆ ಹೋದ ಮೊದಲ ಗೊಬ್ಬರ ಪೊಟ್ಯಾಷ್ ಅಲ್ಲ, ಮೂಳೆ. ರಾಜಧಾನಿ ರಿಜೈನಾದ ಹಳೆಯ ಹೆಸರಿನ ಅರ್ಥವೇ ಮೂಳೆಯ ರಾಶಿ. ಅಲ್ಲಿನ ಮೂಲನಿವಾಸಿಗಳಾದ ಕ್ರೀ ಜನ ಕಾಡೆಮ್ಮೆ (ಬೈಸನ್) ಬೇಟೆಯಾಡಿ ಅಲ್ಲಿ ಮೂಳೆ ಪೇರಿಸುತ್ತಿದ್ದರು. 19ನೇ ಶತಮಾನದಲ್ಲಿ ಬಂದೂಕು, ಚರ್ಮದ ವ್ಯಾಪಾರ ಸೇರಿ ಆ ಲಕ್ಷಾಂತರ ಕಾಡೆಮ್ಮೆಗಳನ್ನು ಹೆಚ್ಚುಕಡಿಮೆ ಅಳಿಸಿ ಹಾಕಿದವು. ಬಯಲ ತುಂಬ ಬಿದ್ದಿದ್ದ ಮೂಳೆಯನ್ನು ಬಡಜನ ಆಯ್ದು ರೈಲಿಗೆ ತುಂಬಿದರು. ಅದು ಗೊಬ್ಬರಕ್ಕೂ ಸಕ್ಕರೆ ಬಿಳಿ ಮಾಡಲಿಕ್ಕೂ ಅಮೆರಿಕಕ್ಕೆ ಹೋಯಿತು.

ಖಾಲಿಯಾದ ನೆಲಕ್ಕೆ ಸರ್ಕಾರ ಗೆರೆ ಎಳೆಯಿತು. ಒಂದೊಂದು ಮೈಲಿಯ ಚೌಕ, 640 ಎಕರೆ. ಅದರ ಕಾಲು ಭಾಗ, 160 ಎಕರೆ, ಹತ್ತು ಡಾಲರಿಗೆ ಯುರೋಪಿನಿಂದ ಬಂದವರ ಪಾಲು. ಭೂಮಿ ಗುಂಡಗಿರುವುದರಿಂದ ಉತ್ತರಕ್ಕೆ ಹೋದಂತೆ ರೇಖಾಂಶಗಳು ಹತ್ತಿರವಾಗುತ್ತವೆ, ಚೌಕ ಕೂಡುವುದಿಲ್ಲ. ಅದಕ್ಕೇ ನೆಟ್ಟಗೆ ಹೋಗುವ ಹಳ್ಳಿರಸ್ತೆ ಅಲ್ಲಲ್ಲಿ ಇದ್ದಕ್ಕಿದ್ದಂತೆ ಪಕ್ಕಕ್ಕೆ ಸರಿದು ಮತ್ತೆ ನೆಟ್ಟಗಾಗುತ್ತದೆ. ಪ್ರಾಂತ್ಯದ ಪೂರ್ವದ ಗಡಿಯೂ ಮೆಟ್ಟಿಲಿನ ಹಾಗಿದೆ. ಮೇಟಿ ಎಂಬ ಮಿಶ್ರ ಕುಲದ ಜನರ ಹೊಲಗಳು ಮಾತ್ರ ಚೌಕವಲ್ಲ, ಎಲ್ಲರಿಗೂ ನದಿ ಸಿಗುವಂಥ ಉದ್ದನೆಯ ಪಟ್ಟಿಗಳು. ಅವರು ಸರ್ಕಾರದ ವಿರುದ್ಧ ಎದ್ದ 1885ರ ದಂಗೆಗೆ ಈ ಗೆರೆಯ ಜಗಳವೂ ಒಂದು ಮುಖ್ಯ ಕಾರಣ. ನಾಯಕ ಲೂಯಿ ರಿಯೆಲ್‌ನನ್ನು ರಿಜೈನಾದಲ್ಲೇ ಗಲ್ಲಿಗೇರಿಸಿದರು.

ಬಂದವರು ಬೆಳೆದದ್ದು ಗೋಧಿ, ಮತ್ತೆ ಗೋಧಿ. ಮಣ್ಣಿನಲ್ಲಿ ತೇವ ಉಳಿಯಲಿ ಅಂತ ನಡುನಡುವೆ ಒಂದು ವರ್ಷ ಉತ್ತು ಬೀಳು ಬಿಡುತ್ತಿದ್ದರು. 1930ರ ದಶಕದ ಬರದಲ್ಲಿ ಆ ಬೋಳು ಮಣ್ಣು ಗಾಳಿಗೆ ಎದ್ದು ಹೋಯಿತು. ಬೀಳು ಬಿಡುವ ಬದಲು ಏನಾದರೂ ಬಿತ್ತಬಹುದಾ? 1972ರಲ್ಲಿ ಸಸ್ಕಾಚೆವಾನ್ ವಿಶ್ವವಿದ್ಯಾಲಯಕ್ಕೆ ಬಂದ ಬೆಳೆ ತಳಿ ವಿಜ್ಞಾನಿ ಆಲ್ ಸ್ಲಿಂಕಾರ್ಡ್ ಇದಕ್ಕೆ ಮಸೂರವನ್ನು ಹಿಡಿದರು. ನಾವು ಚನ್ನಂಗಿ ಬೇಳೆ ಅನ್ನುತ್ತೇವಲ್ಲ, ಅದೇ. ಬೇರಿನ ಗಂಟಿನಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತದೆ, ಹಾಗಾಗಿ ಯೂರಿಯಾದ ಖರ್ಚು ಇಲ್ಲ. ನೀರೂ ಜಾಸ್ತಿ ಕೇಳುವುದಿಲ್ಲ. 1978ರಲ್ಲಿ ಅವರ ಲೇರ್ಡ್ ತಳಿ ಬಂತು. ಈಗ ಮಸೂರ ರಫ್ತಿನಲ್ಲಿ ಕೆನಡಾ ಜಗತ್ತಿಗೇ ಮೊದಲು, ಅದರ ಬಹುಪಾಲು ಸಸ್ಕಾಚೆವಾನಿನದೇ.

ತಮಾಷೆ ಅಂದರೆ ಬೆಳೆಯುವವರ ಮನೆಯಲ್ಲಿ ಬೇಳೆ ತಿನ್ನುವ ಅಭ್ಯಾಸ ಅಷ್ಟಾಗಿ ಇರಲಿಲ್ಲ. ತಿನ್ನುವವರು ನಾವು. ಹಾಗಾಗಿ ನಮ್ಮ ಮುಂಗಾರು ಅವರಿಗೂ ಸುದ್ದಿ. 2017ರ ಕೊನೆಯಲ್ಲಿ, ಇಲ್ಲಿ ಬೇಳೆಯ ಫಸಲು ಚೆನ್ನಾಗಿ ಬಂದು ಬೆಲೆ ಬಿದ್ದಾಗ, ದೆಹಲಿ ಆಮದಿನ ಬಟಾಣಿಗೆ ನೂರಕ್ಕೆ 50, ಮಸೂರಕ್ಕೆ 30 ಸುಂಕ ಹಾಕಿತು. ಮರುವರ್ಷ ಮಂಜು ಕರಗಿ ಬಿತ್ತನೆ ಶುರುವಾದಾಗ ಸಸ್ಕಾಚೆವಾನಿನ ಎಷ್ಟೋ ರೈತರು ಮಸೂರದ ಎಕರೆ ಕಡಿಮೆ ಮಾಡಿಕೊಂಡರು.