ಪದ ಪರಿಚಯ: ಪರ್ಸನಲೈಸೇಷನ್ ತತ್ವ

"ಉಚ್ಛ್ವಾಸದ ವೇಳೆ ವಪೆಯು ಕೆಳಕ್ಕೆ ಸರಿದು ಶ್ವಾಸಕೋಶಗಳ ಹಿಗ್ಗುವಿಕೆಗೆ ಅವಕಾಶ ಕಲ್ಪಿಸುತ್ತದೆ." ಇದು ಒಂದು ಬಗೆ (ವಪೆ ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯು ಪರದೆ). "ಉಸಿರು ಒಳಗೆ ಎಳೆದುಕೊಳ್ಳಿ. ನಿಮ್ಮ ವಪೆ ಕೆಳಗೆ ಸರಿಯಿತು, ಶ್ವಾಸಕೋಶ ಹಿಗ್ಗೋಕೆ ಜಾಗ ಸಿಕ್ಕಿತು." ಇದು ಇನ್ನೊಂದು. ವಿಷಯ ಒಂದೇ. ಆದರೆ ಎರಡನೆಯದನ್ನು ಓದುವಾಗ ಸುಮ್ನೆ ಒಮ್ಮೆ ಉಸಿರು ಎಳೆದು ನೋಡಿದಿರಿ, ಅಲ್ವಾ?

ವಿಡಿಯೊ, ಅನಿಮೇಷನ್ ಪಾಠಗಳಲ್ಲಿ ಹೀಗೆ ಎದುರಿಗೆ ಕೂತವರ ಜೊತೆ ಮಾತಾಡಿದ ಹಾಗೆ ಹೇಳುವುದಕ್ಕೆ ಪರ್ಸನಲೈಸೇಷನ್ ತತ್ವ ಅನ್ನುತ್ತಾರೆ. ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಪಾಠ ಅಂತಲ್ಲ, ಬದಲಾಗುವುದು ಮಾತಿನ ಧಾಟಿ ಮಾತ್ರ.

ಇದನ್ನು ಪರೀಕ್ಷೆ ಮಾಡಿ ನೋಡಿದವರಲ್ಲಿ ಮುಖ್ಯ ಹೆಸರು ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್. 2000ರಲ್ಲಿ ರೊಕ್ಸಾನಾ ಮೊರೆನೊ ಜೊತೆ ಮಿಂಚು ಹುಟ್ಟುವ ಬಗೆಯ ಪಾಠವನ್ನು ಎರಡೂ ಧಾಟಿಯಲ್ಲಿ ಮಾಡಿ ನೋಡಿದರು. 2004ರ ಪ್ರಯೋಗ ಇನ್ನೂ ಚೆಂದ. ಉಸಿರಾಟದ ಪುಟ್ಟ ಅನಿಮೇಷನ್. ಅದರ ಇಂಗ್ಲಿಷ್ ವಿವರಣೆಯಲ್ಲಿ 12 ಕಡೆ 'ದ' (the) ತೆಗೆದು 'ಯುವರ್' (your, ಅಂದರೆ 'ನಿಮ್ಮ') ಹಾಕಿ ಒಂದು ಗುಂಪಿಗೆ ಕೇಳಿಸಿದರು, ಇನ್ನೊಂದಕ್ಕೆ ಮೊದಲಿನದನ್ನೇ, ಅಷ್ಟೇ. ಕೇಳಿದ್ದನ್ನು ನೆನಪಿನಿಂದ ಹೇಳುವುದರಲ್ಲಿ ಎರಡೂ ಗುಂಪಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಕಲಿತದ್ದನ್ನು ಹೊಸ ಸಮಸ್ಯೆಗೆ ಬಳಸುವಾಗ 'ಯುವರ್' ಕೇಳಿದವರು ಮುಂದಿದ್ದರು. ಯಾರೋ ನಮ್ಮ ಜೊತೆ ಮಾತಾಡುತ್ತಿದ್ದಾರೆ ಅನ್ನಿಸಿದರೆ ಅರ್ಥ ಮಾಡಿಕೊಳ್ಳಲು ಜಾಸ್ತಿ ಪ್ರಯತ್ನ ಹಾಕುತ್ತೇವೆ ಅನ್ನುವುದು ಅವರ ವಿವರಣೆ.

ಕನ್ನಡದಲ್ಲಿ ಇಂಗ್ಲಿಷಿನ 'ದ'ಗೆ ಸಮನಾದ ಪದವೇ ಇಲ್ಲ. 12 ಸಲ 'ನಿಮ್ಮ' ತುರುಕಿದರೆ ಸೋಪಿನ ಜಾಹೀರಾತು ಕೇಳಿದಂತಾಗುತ್ತದೆ. ನಮ್ಮಲ್ಲಿ ಆಪ್ತತೆ ಇರುವುದು ಕ್ರಿಯಾಪದದ ಬಾಲದಲ್ಲಿ. 'ಗಮನಿಸಬೇಕಾಗುತ್ತದೆ' ಬದಲು 'ನೋಡಿ', 'ಎಂದು ಕರೆಯಲಾಗುತ್ತದೆ' ಬದಲು 'ಅಂತೀವಿ'. ಪಾಠ ಬರೆಯುವವರು ಮೊದಲು ಈ 'ಲಾಗುತ್ತದೆ'ಗಳನ್ನು ಹುಡುಕಿ ತೆಗೆದರೆ ಅರ್ಧ ಕೆಲಸ ಮುಗಿಯಿತು ಅಂತ ನನ್ನ ಲೆಕ್ಕ.

ಹಾಗಂತ ಇದು ಹರಟೆಯಲ್ಲ. "ಹಾಯ್ ಫ್ರೆಂಡ್ಸ್, ಊಟ ಆಯ್ತಾ?" ಅಂತ ಎರಡು ನಿಮಿಷ ಎಳೆದರೆ ಪಾಠ ಹಿಂದೆ ಬೀಳುತ್ತದೆ.

ಎಲ್ಲ ವಿಷಯಕ್ಕೂ ಇದು ಒಗ್ಗುವುದಿಲ್ಲ. ಮೆದುಳಿನ ರಕ್ತಸ್ರಾವದ ಪಾಠ ಇಟ್ಟುಕೊಂಡು ಜರ್ಮನ್ ಸಂಶೋಧಕರು ಮಾಡಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಅಲ್ಲಿ ಫಲ ತಲೆಕೆಳಗಾಗಿತ್ತು. "ನಿಮ್ಮ ಮೆದುಳಿನ ರಕ್ತನಾಳ ಒಡೆದಾಗ" ಅಂತ ಶುರುವಾದರೆ ಮುಂದಿನ ವಾಕ್ಯ ಯಾರ ಕಿವಿಗೆ ಬೀಳುತ್ತದೆ ಹೇಳಿ?