ಟಿಎಸ್‌ಎಚ್ ಜಾಸ್ತಿ, ಥೈರಾಯ್ಡ್ ಕಡಿಮೆ

ದಾವಣಗೆರೆಯಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಮೊನ್ನೆ ರಕ್ತಪರೀಕ್ಷೆಯ ರಿಪೋರ್ಟ್ ಹಿಡಿದು ಬಂದರು. "ನಂಗೆ ಥೈರಾಯ್ಡ್ ಜಾಸ್ತಿ ಆಗಿದೆ ನೋಡಿ. ಜಾಸ್ತಿ ಇರೋದಕ್ಕೆ ಮತ್ತೆ ಥೈರಾಯ್ಡ್ ಮಾತ್ರೆ ಯಾಕೆ? ನಿಲ್ಲಿಸಿಬಿಡ್ತೀನಿ" ಎಂದರು. ಟಿಎಸ್‌ಎಚ್, ಅಂದರೆ ಥೈರಾಯ್ಡ್ ಸ್ಟಿಮ್ಯುಲೇಟಿಂಗ್ ಹಾರ್ಮೋನ್, 14 ಇತ್ತು. ಸಾಮಾನ್ಯವಾಗಿ ಅದು 0.4ರಿಂದ 4ರ ಆಸುಪಾಸು ಇರುತ್ತದೆ. ಅವರ ಲೆಕ್ಕ ಸರಿಯಾಗಿಯೇ ಇತ್ತು. ದಾರಿ ತಪ್ಪಿಸಿದ್ದು ಹೆಸರು.

ಟಿಎಸ್‌ಎಚ್ ಎನ್ನುವುದು ಥೈರಾಯ್ಡ್ ಗ್ರಂಥಿಯಿಂದ ಬರುವುದಲ್ಲ. ಮಿದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿ ಇದೆ. ಅದು ಥೈರಾಯ್ಡ್‌ಗೆ ಕೊಡುವ ಆರ್ಡರ್ ಇದು. ನಮ್ಮೂರಿನ ಬೆಣ್ಣೆ ದೋಸೆ ಹೋಟೆಲ್ ನೆನಪಿಸಿಕೊಳ್ಳಿ. ಸಪ್ಲೈಯರ್ "ಎರಡು ಬೆಣ್ಣೆ" ಎಂದು ಒಳಗೆ ಕೂಗುತ್ತಾನೆ. ದೋಸೆ ಬರದಿದ್ದರೆ ಮತ್ತೆ ಕೂಗುತ್ತಾನೆ, ಇನ್ನೂ ಜೋರಾಗಿ. ಕೂಗು ಜೋರಾಗಿದೆ ಎಂದರೆ ಒಲೆ ಆರಿದೆ ಎಂದೇ ಅರ್ಥ, ಅಲ್ವಾ? ಟಿಎಸ್‌ಎಚ್ ಆ ಕೂಗು. ಥೈರಾಯ್ಡ್ ತಯಾರಿಸುವ ಟಿ4 ಎಂಬ ಹಾರ್ಮೋನ್ ದೋಸೆ. ಅಕ್ಕನ ರಿಪೋರ್ಟಿನಲ್ಲಿ ಟಿ4 ತೀರಾ ಕಡಿಮೆ ಇತ್ತು. ಪಿಟ್ಯುಟರಿಯೇ ಕೆಟ್ಟರೆ ಈ ಲೆಕ್ಕ ನಡೆಯುವುದಿಲ್ಲ, ಆದರೆ ಅದು ಅಪರೂಪ.

ಅವರಿಗಿರುವುದು ಹೈಪೋಥೈರಾಯ್ಡಿಸಂ. ಗ್ರೀಕ್ ಭಾಷೆಯಲ್ಲಿ ಹೈಪೋ ಎಂದರೆ ಕೆಳಗೆ, ಹೈಪರ್ ಎಂದರೆ ಮೇಲೆ. ಕಿವಿಗೆ ಎರಡೂ ಒಂದೇ ಥರ ಕೇಳಿಸುತ್ತವೆ, ದೇಹದಲ್ಲಿ ಮಾತ್ರ ತದ್ವಿರುದ್ಧ. ಹೈಪೋ ಆದರೆ ಸುಸ್ತು, ಮಲಬದ್ಧತೆ, ಒಣ ಚರ್ಮ. ಎಲ್ಲರೂ ಫ್ಯಾನ್ ಹಾಕಿಕೊಂಡಾಗ ಇವರಿಗೆ ಚಳಿ. ಹೈಪರ್ ಆದರೆ ಎದೆ ಡವಡವ, ಕೈ ನಡುಕ, ಸುಮ್ನೆ ಕೂತಿದ್ದರೂ ಬೆವರು, ಚೆನ್ನಾಗಿ ಉಂಡರೂ ಇಳಿಯುವ ತೂಕ. "ನಂಗೂ ಥೈರಾಯ್ಡ್ ಇದೆ" ಎಂದಷ್ಟೇ ಹೇಳುತ್ತೇವಲ್ಲ, ಅದರಲ್ಲಿ ಈ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಥೈರಾಯ್ಡ್ ಎಲ್ಲರಿಗೂ ಇದೆ, ಕುತ್ತಿಗೆಯ ಮುಂದೆ. ಆ ಹೆಸರು ಬಂದಿದ್ದು ಗುರಾಣಿ ಎಂಬ ಗ್ರೀಕ್ ಪದದಿಂದ.

ಡಾಕ್ಟರು ಬಳಸುವ ಉಳಿದ ಪದಗಳನ್ನೂ ಹೀಗೇ ಬಿಡಿಸಬಹುದು. 'ಪಾಲಿ' ಎಂದರೆ ಬಹಳ. ಪಾಲಿಯೂರಿಯಾ ಅಂದರೆ ಅತಿ ಮೂತ್ರ, ಪಾಲಿಡಿಪ್ಸಿಯಾ ಅಂದರೆ ಅತಿ ಬಾಯಾರಿಕೆ. ಭದ್ರಾ ನಾಲೆಯ ಗದ್ದೆಗಳಿಗೆ ಸುರಿಯುವ ಯೂರಿಯಾಕ್ಕೂ ಇದೇ ಬೇರು, ಆ ವಸ್ತುವನ್ನು ಮೊದಲು ಗುರುತಿಸಿದ್ದೇ ಮೂತ್ರದಲ್ಲಿ. 'ಈಮಿಯಾ' ಅಂದರೆ ರಕ್ತದಲ್ಲಿ. ಹೈಪರ್‌ಗ್ಲೈಸೀಮಿಯಾ ಎಂದರೆ ರಕ್ತದಲ್ಲಿ ಸಕ್ಕರೆ ಜಾಸ್ತಿ. ಸಕ್ಕರೆ ಕಾಯಿಲೆಯವರು ಇಲ್ಲಿ ಹೈಪರ್, ಹೈಪೋ ಅದಲುಬದಲು ಮಾಡಿಕೊಂಡರೆ ಜೀವಕ್ಕೇ ಅಪಾಯ. ಸಕ್ಕರೆ ಕುಸಿದು ಕೈಕಾಲು ನಡುಗುವಾಗ ಬೇಕಾಗಿರುವುದು ತಕ್ಷಣ ಒಂದು ಲೋಟ ಸಕ್ಕರೆ ನೀರು, ಇನ್ಸುಲಿನ್ ಅಲ್ಲ.

'ಹಾರ್ಮೋನ್' ಎಂಬ ಪದ ಬಳಕೆಗೆ ಬಂದಿದ್ದು 1905ರಲ್ಲಿ. ಇಂಗ್ಲೆಂಡಿನ ಅರ್ನೆಸ್ಟ್ ಸ್ಟಾರ್ಲಿಂಗ್ ಅದನ್ನು ಬಳಸಿದರು. 'ಎಬ್ಬಿಸು, ಓಡಿಸು' ಎಂಬ ಅರ್ಥದ ಗ್ರೀಕ್ ಪದ ಅದರ ಮೂಲ. ನನಗೆ ಇದು ತುಂಬ ಇಷ್ಟ. ಸಪ್ಲೈಯರ್ ಕೂಗು ಮಾಡುವುದೂ ಅದನ್ನೇ.

ಅಕ್ಕ ಮಾತ್ರೆ ನಿಲ್ಲಿಸಲಿಲ್ಲ. ಬೆಳಗ್ಗೆ ಖಾಲಿ ಹೊಟ್ಟೆಗೆ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಕಳೆದ ಮೇಲೆ ಕಾಫಿ ಕುಡಿಯುತ್ತಾರೆ. ಆರು ವಾರ ಆದ ಮೇಲೆ ಮತ್ತೆ ರಕ್ತ ಕೊಡಬೇಕು.